ಅಲ್ ಕೂಜ್‌ನ ಮೊಣಕೈಗಳು

ಜುಲೈ ತಿಂಗಳು, ಬೆಳಗಿನ ಐದು ಗಂಟೆ. ನೀವು ದುಬೈನ ಅಲ್ ಕೂಜ್ ಇಂಡಸ್ಟ್ರಿಯಲ್ ಏರಿಯಾದ ಲೇಬರ್ ಕ್ಯಾಂಪೊಂದರ ಗೇಟಿನೆದುರು ನಿಂತಿದ್ದೀರಿ. ಸೂರ್ಯ ಮೂಡಲು ಇನ್ನೂ ಅರ್ಧ ತಾಸಿದೆ, ಅಂಗಿಯ ಬೆನ್ನು ಆಗಲೇ ಒದ್ದೆ. ಸಾಲಾಗಿ ನಿಂತ ಬಸ್ಸುಗಳ ಎಂಜಿನ್ ಗುರುಗುಡುತ್ತಿದೆ. ನೀಲಿ, ಕಿತ್ತಳೆ ಬಣ್ಣದ ಕವರಾಲ್ ತೊಟ್ಟವರು ಒಬ್ಬೊಬ್ಬರಾಗಿ ಬಂದು ಬಸ್ ಹತ್ತುತ್ತಿದ್ದಾರೆ. ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದರ ಮೊಣಕೈಗೆ ನೇತುಬಿದ್ದ ಟಿಫಿನ್ ಕ್ಯಾರಿಯರ್. ಸೀಟು ಸಿಕ್ಕವರು ಮೊಣಕೈಯನ್ನು ಕಿಟಕಿಯ ಅಂಚಿಗೂರಿ, ಅಂಗೈಗೆ ಕೆನ್ನೆ ಕೊಟ್ಟು, ಬಸ್ ಹೊರಡುವ ಮೊದಲೇ ನಿದ್ದೆಗೆ ಜಾರುತ್ತಾರೆ.

ಅಲ್ ಕೂಜ್ ಎಂದರೆ ಮರಳ ದಿಬ್ಬ. ಈಗ ದಿಬ್ಬ ಕಾಣುವುದಿಲ್ಲ. ಶೇಖ್ ಜಾಯೆದ್ ರಸ್ತೆಯಿಂದ ಒಳಕ್ಕೆ ತಿರುಗಿದರೆ ಗೋದಾಮು, ಗ್ಯಾರೇಜು, ಬಡಗಿ ಶಾಪು, ಗಾಜು ಕತ್ತರಿಸುವ ಶೆಡ್ಡು, ಅವುಗಳ ನಡುನಡುವೆ ಕ್ಯಾಂಪುಗಳು. ಇದೇ ಗೋದಾಮುಗಳ ಮಧ್ಯೆ ಅಲ್‌ಸರ್ಕಾಲ್ ಅವೆನ್ಯೂ ಎಂಬ ಕಲಾಕೇಂದ್ರವೂ ಇದೆ. ಅಲ್ಲಿಗೆ ಬರುವವರು ಬಿಳಿ ಗೋಡೆಯ ಮೇಲಿನ ಚಿತ್ರ ನೋಡುತ್ತಾರೆ. ಆ ಗೋಡೆಗೆ ಗಾರೆ ಹಚ್ಚಿದ, ನೆಲಕ್ಕೆ ಟೈಲ್ಸ್ ಕೂರಿಸಿದ, ಒಳಗೆ ಪೈಪು ಎಳೆದ ಕೈಗಳ ಜೊತೆ ಇವತ್ತು ಒಂದು ದಿನ ಕಳೆಯೋಣ. ಕೈ ಎಂದರೂ ಪೂರ್ತಿ ಕೈಯಲ್ಲ, ನಡುವಿನ ಕೀಲು ಮಾತ್ರ.

ಎಂಟು ಗಂಟೆಗೆ ನೀವು ಸ್ಯಾನಿಟರಿ ಸಾಮಾನಿನ ಅಂಗಡಿಯಲ್ಲಿದ್ದೀರಿ. ಬಾಗಿಲಿಂದ ಒಳಗೆ ಕಾಲಿಡುತ್ತಲೇ ಸೋಲ್ವೆಂಟ್ ಸಿಮೆಂಟಿನ ಘಾಟು ಮೂಗಿಗೆ ಅಡರುತ್ತದೆ. ನೆಲದಿಂದ ಸೂರಿನವರೆಗೆ ಪ್ಲಾಸ್ಟಿಕ್ ಡಬ್ಬಿಗಳು. ಟೀ, ಸಾಕೆಟ್, ರೆಡ್ಯೂಸರ್, ಎಲ್ಬೋ. ಕೌಂಟರಿನ ಹಿಂದೆ ಪುತ್ತೂರು ಕಡೆಯವರೊಬ್ಬರು, ಈ ಓಣಿಯಲ್ಲೇ ತಲೆಗೂದಲು ನರೆತವರು. ಕನ್ನಡ ಕೇಳಿದ್ದೇ ಸ್ಟೂಲು ಮುಂದಕ್ಕೆ ತಳ್ಳುತ್ತಾರೆ.

"ಕೂತ್ಕೊಳ್ಳಿ ಮಾರಾಯ್ರೆ. ಹತ್ತು ಗಂಟೆವರೆಗೆ ಇಲ್ಲಿ ರಷ್ ಉಂಟು. ಆಮೇಲೆ ಮಾತಾಡುವಾ."

ಸಿರಿಯಾದ ಪ್ಲಂಬರ್ ಒಬ್ಬ ಬಂದು ಅವಸರದಲ್ಲಿ "ಕೂಅ" ಎನ್ನುತ್ತಾನೆ. ಕೊನೆಯ ಧ್ವನಿ ಗಂಟಲಿನ ಆಳದಿಂದ ಬರುತ್ತದೆ. ಅವನ ಬೆನ್ನಿಗೇ ಬಂದ ಪೇಶಾವರದವನು "ನಬ್ಬೇ ಕಾ ಎಲ್ಬೋ" ಎನ್ನುತ್ತಾನೆ. ಇಬ್ಬರ ಮುಂದೆಯೂ ಬಂದು ಕೂರುವುದು ಒಂದೇ ಡಬ್ಬಿಯ ಸಾಮಾನು: ತೊಂಬತ್ತು ಡಿಗ್ರಿ ಬಾಗಿದ, ಎರಡೂ ಬಾಯಿ ತೆರೆದ ಬಿಳಿಯ ತುಂಡು. ಇಂಗ್ಲಿಷಿನವರು ಅದಕ್ಕೆ ಮೊಣಕೈಯ ಹೆಸರನ್ನೇ ಇಟ್ಟರು. ಇಂದಿನ ಆಡುಮಾತಿನ ಅರಬಿಯಲ್ಲೂ ಕೂಅ ಎಂದರೆ ಮೊಣಕೈ. ಪೈಪಿನ ಬಾಗಿಗೂ ಅದೇ ಹೆಸರು, ಸಿರಿಯಾ ಲೆಬನಾನ್ ಕಡೆ ರಸ್ತೆಯ ತಿರುವಿಗೂ ಅದೇ.

ಸಿರಿಯಾದವನಿಗೆ ಬೇಕಿದ್ದದ್ದು ಕಕ್ಕಸಿನ 110 ಎಂಎಂ ಲೈನಿಗೆ. ಅಂಗಡಿಯವರು ತೊಂಬತ್ತರದನ್ನು ಪಕ್ಕಕ್ಕಿಟ್ಟು ನಲವತ್ತೈದರ ಎರಡು ತುಂಡು ತೆಗೆದು ಜೋಡಿಸಿ ತೋರಿಸುತ್ತಾರೆ. ಒಂದೇ ಏಟಿಗೆ ತಿರುಗಿದರೆ ನೀರು ಮುಂದೆ ಹೋಗಿ ಗಟ್ಟಿ ಪದಾರ್ಥ ಹಿಂದೆ ಉಳಿಯುತ್ತದೆ, ಎರಡು ಹಂತದಲ್ಲಿ ತಿರುಗಿದರೆ ಎಲ್ಲವೂ ಸರಾಗ ಇಳಿಯುತ್ತದೆ. ಅವನು ತಲೆಯಾಡಿಸಿ ನಾಲ್ಕು ಜೊತೆ ಕಟ್ಟಿಸಿಕೊಳ್ಳುತ್ತಾನೆ.

ಹತ್ತು ಗಂಟೆಗೆ ರಷ್ ಇಳಿಯುತ್ತದೆ. ಎದುರಿನ ಕೆಫೆಟೇರಿಯಾದಿಂದ ಕಾಗದದ ಕಪ್ಪಿನಲ್ಲಿ ಕಡಕ್ ಚಹಾ ಬರುತ್ತದೆ. ಗಿರಾಕಿಯೊಬ್ಬ ತೋಟಕ್ಕೆ ಹೋಸ್ ಪೈಪು ಕೇಳುತ್ತಾನೆ. ಟೇಪು ಕೈಗೆ ಸಿಗುವುದಿಲ್ಲ. ಅಂಗಡಿಯವರು ಪೈಪಿನ ತುದಿಯನ್ನು ಮೊಣಕೈಗೆ ಆನಿಸಿ, ನಡುಬೆರಳಿನ ತುದಿಯವರೆಗೆ ಎಳೆದು, ಹೆಬ್ಬೆರಳಲ್ಲಿ ಗುರುತು ಹಿಡಿದು ಮತ್ತೆ ಮೊಣಕೈಗೆ ತರುತ್ತಾರೆ. ಒಂದು ಮೊಳ, ಎರಡು ಮೊಳ. ಕೆ.ಆರ್. ಮಾರ್ಕೆಟಿನಲ್ಲಿ ಮಲ್ಲಿಗೆ ಅಳೆಯುವ ಅದೇ ಚಲನೆ. ನಮ್ಮ ಹಳೆಯ ಶಾಸ್ತ್ರಗಳಲ್ಲಿ 24 ಅಂಗುಲಕ್ಕೆ ಒಂದು ಹಸ್ತ. ಈಜಿಪ್ಟಿನವರ ಸಾಮಾನ್ಯ ಮೊಳವೂ 24 ಬೆರಳಿನ ಅಗಲ. ಅರಬರ ಜಿರಾ, ರೋಮಿನವರ ಕ್ಯುಬಿಟಸ್ ಇವೆಲ್ಲ ಇದೇ ಮುಂಗೈಯ ಉದ್ದ. ದೂರದೂರದ ಊರುಗಳಲ್ಲಿ ಜನ ಅಳತೆಗೆ ಇದನ್ನೂ ಆರಿಸಿಕೊಂಡದ್ದಕ್ಕೆ ಒಂದು ಕಾರಣ ಊಹಿಸಬಹುದು. ಮೊಣಕೈ ಮಡಚಿದಾಗ ಹಿಂದೆ ಎದ್ದು ನಿಲ್ಲುವ ಮೂಳೆ ಚರ್ಮದ ಕೆಳಗೇ ಇದೆ. ಕಣ್ಣು ಮುಚ್ಚಿಯೂ ಅಲ್ಲಿಂದ ಅಳತೆ ಶುರು ಮಾಡಬಹುದು.

ಆ ಮೂಳೆಯನ್ನು ನೀವೂ ಮುಟ್ಟಿ ನೋಡಿ. ಅದು ಓಲೆಕ್ರಾನನ್, ಮುಂಗೈಯ ಅಲ್ನಾ ಮೂಳೆಯ ಮೇಲ್ತುದಿ. ಮೇಲಿನಿಂದ ಇಳಿದ ಹ್ಯೂಮರಸ್ ಮೂಳೆಯ ಕೆಳತುದಿ ಬಾವಿಯ ರಾಟೆಯ ಹಾಗೆ ನಡುವೆ ತಗ್ಗಾಗಿದೆ. ಅಲ್ನಾ ಅದನ್ನು ತಬ್ಬಿಕೊಂಡು ತಿರುಗುತ್ತದೆ. ಕೈ ಮಡಚುವುದು, ಚಾಚುವುದು ಅಲ್ಲಿ. ಪಕ್ಕದಲ್ಲಿರುವ ರೇಡಿಯಸ್ ಮೂಳೆಯ ದುಂಡುತಲೆ ತನ್ನ ಜಾಗದಲ್ಲೇ ಸುತ್ತುತ್ತದೆ. ಸ್ಕ್ರೂ ತಿರುಗಿಸುವುದು, ಕರಣೆ ಹೊರಳಿಸುವುದು ಅಲ್ಲಿ. ಈಗ ಅಂಗೈ ಮುಂದೆ ಮಾಡಿ ಕೈ ಇಳಿಬಿಡಿ. ಹೊರಮಗ್ಗುಲಲ್ಲಿ ಒಂದು ಗುಬುಟು ಸಿಗುತ್ತದೆ, ಒಳಮಗ್ಗುಲಲ್ಲಿ ಇನ್ನೊಂದು. ಒಳಗಿನದರ ಹಿಂದೆ, ಮೂಳೆಗೂ ಚರ್ಮಕ್ಕೂ ನಡುವೆ ಅಲ್ನರ್ ನರ ಹಾದುಹೋಗುತ್ತದೆ. ಬಾಗಿಲ ಚೌಕಟ್ಟಿಗೆ ತಾಗಿದಾಗ ಕಿರುಬೆರಳವರೆಗೂ ಝುಮ್ಮೆನ್ನುವುದು ಈ ನರ.

ಅಂದರೆ ಮೂರು ಬೆರಳಗಲದ ಜಾಗದಲ್ಲಿ ಹಿಂದೆ, ಹೊರಗೆ, ಒಳಗೆ ಎಂದು ಮೂರು ಬೇರೆ ಬೇರೆ ಠಾವುಗಳಿವೆ. ಕೆಲಸದ ಭಾಷೆಗೆ ಇವೆಲ್ಲ ಒಂದೇ ಮೊಣಕೈ, ಒಂದೇ ಕೂಅ. ಪೈಪಿನ ಅಂಗಡಿಯಲ್ಲಿ ಅಷ್ಟು ಸಾಕು. ಕೈ ಬಾಗಿಸಿ ತೋರಿಸಿದರೂ ಸಾಮಾನು ಸಿಗುತ್ತದೆ. ನೋವು ಬಂದ ದಿನ ಅಷ್ಟು ಸಾಲುವುದಿಲ್ಲ.

ಹನ್ನೆರಡೂವರೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಈ ದೇಶದಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ನೀವು ಓಣಿಯ ಮಸೀದಿಯ ಪಕ್ಕದ ನೆರಳಿನಲ್ಲಿದ್ದೀರಿ. ವುಜೂ ಮಾಡುವ, ಅಂದರೆ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ ಕಟ್ಟೆಯ ಮೇಲೆ ಕೆಲಸಗಾರರು ಸಾಲಾಗಿ ಕೂತಿದ್ದಾರೆ. ತೋಳು ಮಡಚಿದಂತೆ ಸಿಮೆಂಟಿನ ಧೂಳು ಉದುರುತ್ತದೆ. ಅಂಗೈಯಲ್ಲಿ ನೀರು ತುಂಬಿಸಿ ಮುಂಗೈಯ ಮೇಲೆ ಹರಿಸಿ, ಮೊಣಕೈಯ ಹಿಂದಿನ ಮೂಳೆಯನ್ನು ಇನ್ನೊಂದು ಕೈಯಿಂದ ಸುತ್ತಿ ಉಜ್ಜುತ್ತಾರೆ. ಒಂದು ಎಳೆ ಜಾಗವೂ ಒಣಗಿ ಉಳಿಯಬಾರದು. ಮೊದಲು ಬಲ, ಆಮೇಲೆ ಎಡ. ಬೂದು ನೀರು ಕಾಲುವೆಗೆ ಇಳಿಯುತ್ತದೆ, ಕೆಳಗಿನಿಂದ ಕಂದು ಚರ್ಮ ಮೇಲೇಳುತ್ತದೆ.

ಎಲ್ಲಿಯವರೆಗೆ ತೊಳೆಯಬೇಕೆಂದು ಕುರಾನಿನ ಐದನೆಯ ಅಧ್ಯಾಯದ ಆರನೆಯ ವಚನ ಹೇಳುತ್ತದೆ. ಅಲ್ಲಿ ಬಳಸಿರುವುದು ಕೂಅ ಅಲ್ಲ, ಮಿರ್ಫಕ್ ಎಂಬುದರ ಬಹುವಚನ, ಮರಾಫಿಕ್. ಮಿರ್ಫಕ್ ಎಂದರೆ ಒರಗಲು ಆಸರೆ ಕೊಡುವಂಥದ್ದು. ಶಿಷ್ಟ ಅರಬಿಯಲ್ಲಿ ಮೊಣಕೈಗೆ ಇದೇ ಸರಿಯಾದ ಹೆಸರು. ಇದೇ ಮರಾಫಿಕ್ ಇಂದಿನ ಅರಬಿಯಲ್ಲಿ ನೀರು, ವಿದ್ಯುತ್, ಒಳಚರಂಡಿಯಂಥ ಸಾರ್ವಜನಿಕ ಸೌಕರ್ಯಗಳಿಗೂ ಸಲ್ಲುತ್ತದೆ.

ಹಾಗಾದರೆ ಕೂಅ? 13ನೆಯ ಶತಮಾನದಲ್ಲಿ ಇಬ್ನ್ ಮನ್ಝೂರ್ ಕಟ್ಟಿದ 'ಲಿಸಾನುಲ್ ಅರಬ್' ನಿಘಂಟಿನಲ್ಲಿ ಕೂಅ ಎಂದರೆ ಮಣಿಕಟ್ಟಿನಲ್ಲಿ, ಹೆಬ್ಬೆರಳ ಬುಡದ ಕಡೆಗಿರುವ ಮುಂಗೈ ಮೂಳೆಯ ತುದಿ. ಕಿರುಬೆರಳ ಕಡೆಗಿರುವ ತುದಿಗೆ ಕುರ್ಸೂ ಎಂಬ ಬೇರೆ ಹೆಸರು. ಕಾಲಿನ ಹೆಬ್ಬೆರಳ ಬುಡದ ಮೂಳೆಗೆ ಬೂಅ. ಏನೂ ತಿಳಿಯದವನನ್ನು ಅರಬರು ಇವತ್ತಿಗೂ ಕೂಅ ಯಾವುದು ಬೂಅ ಯಾವುದು ಗೊತ್ತಿಲ್ಲದವನು ಎಂದು ಬೈಯುತ್ತಾರೆ. ಬೈಯುವವರಲ್ಲೂ ಹಲವರು ಹಾಗೆನ್ನುತ್ತಾ ತಮ್ಮ ಮೊಣಕೈ ಮುಟ್ಟಿ ತೋರಿಸುತ್ತಾರೆ. ಶತಮಾನಗಳ ನಡಿಗೆಯಲ್ಲಿ ಹೆಸರು ಮಣಿಕಟ್ಟಿನಿಂದ ಮೊಣಕೈಗೆ ಏರಿದೆ.

ಲ್ಯಾಟಿನ್ ಹೆಸರುಗಳದ್ದೂ ಇದೇ ಕತೆ. ಕ್ಯುಬಿಟಸ್ ಒಮ್ಮೆ ಮೊಣಕೈ, ಒಮ್ಮೆ ಮುಂಗೈಯ ಉದ್ದ, ಒಮ್ಮೆ ಅಲ್ನಾ ಮೂಳೆಯೇ. ಫ್ರೆಂಚ್ ವೈದ್ಯರು ತೀರ ಇತ್ತೀಚಿನವರೆಗೂ ಅಲ್ನಾವನ್ನು ಕ್ಯುಬಿಟಸ್ ಎಂದೇ ಬರೆಯುತ್ತಿದ್ದರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಬೇರೆ ಮೂಳೆಯಾಗಿ ಕಾಣುವ ಗೊಂದಲ ಅಷ್ಟಿತ್ತು. ಅದಕ್ಕೇ ಶರೀರರಚನಾ ಶಾಸ್ತ್ರಜ್ಞರು 1895ರಲ್ಲಿ ಬಾಸೆಲ್‌ನಲ್ಲಿ ಸೇರಿ ಅಂಗಾಂಗಗಳಿಗೆ ಒಪ್ಪಿತ ಹೆಸರುಗಳ ಪಟ್ಟಿ ಮಾಡಿದರು. ಪರಿಷ್ಕರಣೆಗಳ ನಂತರ 1998ರಲ್ಲಿ ಬಂದದ್ದು 'ಟರ್ಮಿನೋಲಾಜಿಯಾ ಅನಾಟಮಿಕಾ'. ಈಗ ಕ್ಯುಬಿಟಸ್ ಎಂದರೆ ಮೊಣಕೈ, ಅಲ್ನಾ ಎಂದರೆ ಮೂಳೆ.

ನಮ್ಮ ಕಡೆ ಈ ಕಾಳಜಿ ಇನ್ನೂ ಹಳೆಯದು. ಸುಶ್ರುತ ಸಂಹಿತೆ ಎಣಿಸುವ 107 ಮರ್ಮಗಳಲ್ಲಿ ಕೂರ್ಪರ ಒಂದು. ತೋಳು ಮುಂಗೈ ಸೇರುವ ಸಂಧಿ ಅದು. ಅಲ್ಲಿ ಪೆಟ್ಟು ಬಿದ್ದರೆ ಜೀವ ಹೋಗುವುದಿಲ್ಲ, ಕೈ ಊನವಾಗುತ್ತದೆ ಎಂದು ಸುಶ್ರುತ ಅದನ್ನು ವೈಕಲ್ಯಕರ ಮರ್ಮಗಳ ಗುಂಪಿಗೆ ಸೇರಿಸುತ್ತಾನೆ. ಕೈ ಊನವಾದವನಿಗೆ ಮುಂದೆ ದುಡಿಮೆಯಿಲ್ಲ. ಆ ಗುಂಪಿನ ಅರ್ಥ ಅಲ್ ಕೂಜ್‌ನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಸಂಜೆ ಏಳು. ನೀವು ಫಿಸಿಯೋಥೆರಪಿ ಕ್ಲಿನಿಕ್ಕಿನ ಬೆಂಚಿನ ಮೇಲಿದ್ದೀರಿ. ಪಕ್ಕದಲ್ಲಿ ಬಾಗಲಕೋಟೆ ಸೀಮೆಯ ಟೈಲ್ಸ್ ಮೇಸ್ತ್ರಿ. ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದಾರೆ. ಉಗುರಿನ ಸಂದಿಯಲ್ಲಿ ಮಾತ್ರ ಬಿಳಿ ಗ್ರೌಟ್ ಉಳಿದಿದೆ. ಬಲಗೈ ತೊಡೆಯ ಮೇಲೆ, ಎಡಗೈ ಅದನ್ನು ಹಿಡಿದುಕೊಂಡಿದೆ.

"ಎಲ್ಲಿ ನೋಯ್ತದ ಅಣ್ಣಾರ?"

"ಇಲ್ಲೇ ನೋಡ್ರಿ ಸರ್. ಇಲ್ಲಿ ಒತ್ತಿದ್ರ ಜೀವಾ ಹೋದಂಗ ಆಗತೈತಿ. ಚಾದ ಕಪ್ಪ ಸೈತ ಎತ್ತಾಕ ಆಗವಲ್ದು."

ತೋರುಬೆರಳು ಹೊರಗಿನ ಗುಬುಟಿನ ಮೇಲೆ, ಒಂದು ಕಾಳಿನಷ್ಟು ಜಾಗದಲ್ಲಿ ನಿಂತಿದೆ. ಇವರು ಮೊದಲು ಬೇರೊಂದು ಕ್ಲಿನಿಕ್ಕಿನಲ್ಲಿ ತೋರಿಸಿದ್ದರು. ಅಲ್ಲಿ ಹಿಂದಿಯಲ್ಲಿ 'ಹಾಥ್ ಮೇಂ ದರ್ದ್' ಎಂದರು. ಚೀಟಿಯಲ್ಲಿ ಕೈ ನೋವು ಎಂದಷ್ಟೇ ಬಂತು, ಜೊತೆಗೆ ನೋವಿನ ಮಾತ್ರೆ. ಮಾತ್ರೆ ಮುಗಿಯಿತು, ನೋವು ಮುಗಿಯಲಿಲ್ಲ.

ಫಿಸಿಯೋಥೆರಪಿಸ್ಟ್ ತ್ರಿಶೂರಿನವರು. "ಚೇಟ್ಟಾ, ಬನ್ನಿ" ಎಂದು ಒಳಗೆ ಕರೆಯುತ್ತಾರೆ. ಮೇಸ್ತ್ರಿಗೆ ಮುಷ್ಟಿ ಕಟ್ಟಲು ಹೇಳಿ, ಮಣಿಕಟ್ಟನ್ನು ಮೇಲಕ್ಕೆತ್ತಲು ಹೇಳಿ, ತಾವು ಮೇಲಿನಿಂದ ಒತ್ತಿ ಹಿಡಿಯುತ್ತಾರೆ. ಇನ್ನೊಂದು ಕೈಯ ಹೆಬ್ಬೆರಳು ಆ ಗುಬುಟಿನ ಮೇಲೆ. ಮೇಸ್ತ್ರಿಯ ಹುಬ್ಬು ಗಂಟಿಕ್ಕುತ್ತದೆ, ಉಸಿರು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಇದು ಕೋಜೆನ್ ಪರೀಕ್ಷೆ. ಬಲ ಹಾಕಿದ್ದು ಮಣಿಕಟ್ಟಿಗೆ, ನೋವು ಎದ್ದದ್ದು ಮೊಣಕೈಯಲ್ಲಿ. ಮಣಿಕಟ್ಟನ್ನು ಎತ್ತಿ ಹಿಡಿಯುವ ಸ್ನಾಯುಗಳು ಹುಟ್ಟುವುದೇ ಆ ಗುಬುಟಿನಲ್ಲಿ. ದಿನವಿಡೀ ಹಲ್ಲಿನ ಕರಣೆಯಲ್ಲಿ ಅಂಟು ಎಳೆದು, ರಬ್ಬರ್ ಸುತ್ತಿಗೆ ಬಡಿದು, ಎರಡು ಅಡಿ ಚೌಕದ ಟೈಲನ್ನು ಅಂಚಿನಲ್ಲಿ ಹಿಡಿದೆತ್ತಿದರೆ ಸ್ನಾಯು ಮೂಳೆಗೆ ಅಂಟುವ ಸ್ನಾಯುರಜ್ಜು ಸವೆಯುತ್ತದೆ, ಮಾಯಲು ಬಿಡುವು ಸಿಗದೆ ಒಳಗೇ ಹದಗೆಡುತ್ತದೆ.

ಕಾಗದದ ಮೇಲೆ ಇದರ ಹೆಸರು ಲ್ಯಾಟರಲ್ ಎಪಿಕಾಂಡಿಲೈಟಿಸ್. ಜನಪ್ರಿಯ ಹೆಸರು ಟೆನಿಸ್ ಎಲ್ಬೋ. 1873ರಲ್ಲಿ ಜರ್ಮನಿಯ ರುಂಗೆ ಎಂಬ ವೈದ್ಯ ಇದನ್ನು ವರ್ಣಿಸಿದಾಗ ಬರೆದದ್ದು ಬರವಣಿಗೆಯಿಂದ ಬರುವ ತೊಂದರೆ ಎಂದು. ಹತ್ತು ವರ್ಷದೊಳಗೆ ಇಂಗ್ಲೆಂಡಿನಲ್ಲಿ ಅದಕ್ಕೆ ಲಾನ್ ಟೆನಿಸ್ ಹೆಸರು ಅಂಟಿತು. ಈ ಹೆಸರು ನನಗೆ ಸಂಕಟ ತರುತ್ತದೆ. ನೋವು ಬರುವವರಲ್ಲಿ ಹೆಚ್ಚಿನವರು ರಾಕೆಟ್ ಮುಟ್ಟಿದವರಲ್ಲ. ಮೇಸ್ತ್ರಿ, ಬಡಗಿ, ಪ್ಲಂಬರ್, ಅಡುಗೆಯವರು, ಮನೆಗೆಲಸದವರು ದುಡಿದು ಪಡೆದ ನೋವಿಗೆ ಆಟದ ಹೆಸರು ಬಿದ್ದರೆ ದುಡಿಮೆ ಕಣ್ಣಿಗೆ ಬೀಳುವುದಿಲ್ಲ.

ದುಡಿಮೆ ಕಾಣುವ ಪಟ್ಟಿಯೂ ಒಂದಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2010ರಲ್ಲಿ ಪರಿಷ್ಕರಿಸಿದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸ್ನಾಯು ಮೂಳೆಗಳ ವಿಭಾಗ ತೆರೆದರೆ, ಬಲ ಹಾಕಿ ಪದೇ ಪದೇ ಮಾಡುವ ಕೆಲಸದಿಂದ ಬರುವ ಎಪಿಕಾಂಡಿಲೈಟಿಸ್ ಅಲ್ಲಿದೆ. ಮೊಣಕೈ ಊರಿ ಕೆಲಸ ಮಾಡುವವರಿಗೆ ಹಿಂಬದಿಯ ಮೂಳೆಯ ಮೇಲೆ ನೀರು ತುಂಬಿ ಊದುವ ಓಲೆಕ್ರಾನನ್ ಬರ್ಸೈಟಿಸ್ ಬೇರೆ ಸಾಲಿನಲ್ಲಿದೆ. ಹೆಬ್ಬೆರಳ ಬುಡದಲ್ಲಿ, ರೇಡಿಯಸ್ ಮೂಳೆಯ ಕೆಳತುದಿಯಲ್ಲಿ ಸ್ನಾಯುರಜ್ಜುಗಳ ಪೊರೆ ಉರಿಯೂತಕ್ಕೆ ಒಳಗಾಗುವುದು ಇನ್ನೊಂದು ಸಾಲು. ಆ ಕೊನೆಯ ಜಾಗವೇ ಇಬ್ನ್ ಮನ್ಝೂರನ ಕೂಅ. ಹಳೆಯ ಅರ್ಥ ಒಂದು ಸಾಲಿಗೆ ಕೊಂಡೊಯ್ಯುತ್ತದೆ, ಇಂದಿನ ಅರ್ಥ ಇನ್ನೊಂದಕ್ಕೆ. ಕೈ ನೋವು ಎಂಬ ಚೀಟಿ ಯಾವ ಸಾಲಿಗೂ ಸೇರುವುದಿಲ್ಲ.

ಚಿಕಿತ್ಸೆಯೂ ಜಾಗ ನೋಡಿಯೇ ನಡೆಯಬೇಕು. ಹೊರಗುಬುಟಿನ ನೋವಿಗೆ ಮೊದಲು ಭಾರ ಇಳಿಸಬೇಕು, ಆಮೇಲೆ ಸಣ್ಣ ತೂಕ ಹಿಡಿದು ಮಣಿಕಟ್ಟನ್ನು ನಿಧಾನ ಇಳಿಸುವ ವ್ಯಾಯಾಮ, ಬೇಕಿದ್ದರೆ ಮೊಣಕೈಗಿಂತ ತುಸು ಕೆಳಗೆ ಪಟ್ಟಿ. ಹೆಚ್ಚಿನವರು ಒಂದು ವರ್ಷದ ಆಸುಪಾಸಿನಲ್ಲಿ ಚೇತರಿಸಿಕೊಳ್ಳುತ್ತಾರೆ. ಸ್ಟೆರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಟ್ಟರೂ, ಅದನ್ನು ಹಾಕಿಸಿಕೊಂಡವರಲ್ಲಿ ನೋವು ಮರುಕಳಿಸುವುದು ಹೆಚ್ಚು ಎಂದು ಆಸ್ಟ್ರೇಲಿಯಾದ ಅಧ್ಯಯನ 2013ರಲ್ಲಿ ತೋರಿಸಿತು. ಒಳಮಗ್ಗುಲ ನರ ಒತ್ತಿದ್ದರೆ ಮಾತು ಬೇರೆ. ಉಂಗುರಬೆರಳು ಕಿರುಬೆರಳು ಜೋಮು ಹಿಡಿಯುತ್ತವೆ, ತಡಮಾಡಿದರೆ ಹಿಡಿತದ ಬಲವೇ ಕುಂದುತ್ತದೆ. ಹಿಂಬದಿ ಊದಿ ಕೆಂಪಾಗಿ ಬಿಸಿ ಏರಿದ್ದರೆ ಸೋಂಕಿನ ಭಯ, ಅದೇ ದಿನ ವೈದ್ಯರ ಬಳಿ ಓಡಬೇಕು. ಮೂರಕ್ಕೂ ಒಂದೇ ಮಾತ್ರೆ ನುಂಗಿಸುವುದು ಮೊಣಕೈಗೆ ಬೆಲ್ಲ ಸವರಿದ ಹಾಗೆ.

ಮೇಸ್ತ್ರಿ ಹೊರಗೆ ಬರುತ್ತಾರೆ. ಕೈಯಲ್ಲಿ ಹೊಸ ಚೀಟಿ. ಅದರಲ್ಲಿ ಬಲಗೈ, ಹೊರಮಗ್ಗುಲು, ಮಾಡುವ ಕೆಲಸ, ಎಷ್ಟು ತಿಂಗಳಿಂದ ಎಂಬುದೆಲ್ಲ ಇದೆ. ಈ ದೇಶದ 2021ರ 33ನೆಯ ಸಂಖ್ಯೆಯ ಕಾರ್ಮಿಕ ಕಾನೂನಿನಲ್ಲಿ ಕೆಲಸದ ಗಾಯಕ್ಕೂ ಔದ್ಯೋಗಿಕ ರೋಗಕ್ಕೂ ಚಿಕಿತ್ಸೆಯ ಖರ್ಚು ಮಾಲೀಕನದು. ರೋಗ ಕೆಲಸದಿಂದಲೇ ಬಂದದ್ದೆಂದು ವಾದಿಸಲು ಕೂಲಿಕಾರನ ಕೈಯಲ್ಲಿರುವ ಮೊದಲ ಸಾಕ್ಷಿ ಇಂಥ ಒಂದು ಚೀಟಿ.

ದುಬೈ, ಶಾರ್ಜಾ, ಅಬುಧಾಬಿಯಲ್ಲಿ ಕನ್ನಡ ಬಲ್ಲವರು ಸಾಕಷ್ಟು ಜನ ಇದ್ದೇವೆ. ಊರಿನವರು ಯಾರಾದರೂ ಆಸ್ಪತ್ರೆಗೆ ಹೊರಟರೆ ಜೊತೆಗೆ ಹೋಗಿ ಹಿಂದಿ, ಇಂಗ್ಲಿಷ್ ಮಾತಾಡಿಕೊಡುವವರೂ ನಾವೇ. ಹಾಗೆ ಹೋದಾಗ ಕೈ ನೋವು ಎಂದು ಒಂದೇ ಮಾತಲ್ಲಿ ಮುಗಿಸಬೇಡಿ. ಮೊದಲು ಅವರಿಗೆ ಅವರ ಕನ್ನಡದಲ್ಲೇ ಹೇಳಲು ಬಿಡಿ. ಒಂದು ಬೆರಳಲ್ಲಿ ಜಾಗ ಮುಟ್ಟಿ ತೋರಿಸಲು ಹೇಳಿ. ಹಿಂದೆಯೋ, ಹೊರಗೋ, ಒಳಗೋ ನೋಡಿಕೊಳ್ಳಿ. ಯಾವ ಬೆರಳು ಜೋಮು ಹಿಡಿಯುತ್ತದೆ, ಯಾವ ಹತ್ಯಾರು ಹಿಡಿದಾಗ ನೋವು ಏಳುತ್ತದೆ ಎಂದು ಕೇಳಿ. ಕೇಳಿದ್ದನ್ನೆಲ್ಲ ಡಾಕ್ಟರಿಗೆ ಹೇಳಿ, ಚೀಟಿಯಲ್ಲಿ ಬರೆಸಿಕೊಂಡೇ ಬನ್ನಿ. ಒಂದು ಕೀಲಿನ ಸರಿಯಾದ ಹೆಸರು ಒಬ್ಬ ದುಡಿಯುವವನ ಚಿಕಿತ್ಸೆಯನ್ನೂ, ಅವನಿಗೆ ಸಲ್ಲಬೇಕಾದ ಹಕ್ಕನ್ನೂ ಉಳಿಸಿಕೊಡಬಲ್ಲದು.